ಮಟ್ಟಸವಾದ ಮಂಚ

ನನ್ನ ಗಂಡ ಬಡಗಿ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಹಳೆಯ ಮಿನಿಬಸ್ಸು ಕೊಂಡು, ಮನೆ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ, ಸೀಟೆಲ್ಲ ಕಿತ್ತು, ಒಳಗೆ ಮಂಚ, ಅಡುಗೆಕಟ್ಟೆ ಕೂರಿಸಿದರು. ಪ್ರತಿ ಹಲಗೆಯ ಮೇಲೂ ರಸಮಟ್ಟ ಇಟ್ಟು, ಗುಳ್ಳೆ ನಟ್ಟನಡುವೆ ನಿಂತ ಮೇಲೇ ಸ್ಕ್ರೂ ಬಿಗಿದರು.

"ಬಸ್ಸೇ ಓರೆಯಾಗಿ ನಿಂತಿದೆಯಲ್ರೀ!" ಎಂದೆ.

"ನನ್ನ ಕೆಲಸ ನಂಗೊತ್ತು. ನೀನು ಸುಮ್ನಿರು."

ಇಂದು ಮೊದಲ ಪ್ರವಾಸ. ಸಮತಟ್ಟಾದ ಮೈದಾನದಲ್ಲಿ ಬಸ್ಸು ನಿಲ್ಲಿಸಿ ಒಲೆ ಹಚ್ಚಿದರೆ ಪಾತ್ರೆ ಜಾರಿ ಬಿತ್ತು. ಮಲಗಿದರೆ ತಲೆ ಕೆಳಗೆ, ಕಾಲು ಮೇಲೆ. ನನ್ನ ಪಿತ್ತ ನೆತ್ತಿಗೇರಿತು.

"ಈಗೇನ್ರೀ ಮಾಡೋದು?"

ಅವರು ಮಂಚದ ಮೇಲೆ ರಸಮಟ್ಟ ಇಟ್ಟು ನೋಡಿದರು. ಆಮೇಲೆ ಕಿಟಕಿಯಾಚೆ ಮೈದಾನವನ್ನು ದುರುಗುಟ್ಟಿ ನೋಡಿದರು.

"ಈ ಜಾಗಾನೇ ಸರಿಯಿಲ್ಲ ಕಣೇ. ನಡಿ, ನಮ್ಮನೆ ಮುಂದೆ ನಿಲ್ಲಿಸ್ಕೊಂಡು ಮಲಗೋಣ."