ಗಿರಣಿಯ ಗೌಡತಿ

“ಇನ್ನೊಂದು ಗೇಣು ತೆಗೀರಿ ಮರುಳಪ್ಪ, ನಾಯಿ ಕೆದರಬಾರದು,” ಎಂದ ರೇಣುಕಪ್ರಸಾದ್. ಪಕ್ಕದ ಚಹಾದಂಗಡಿಯ ಮರುಳಪ್ಪ ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿ ಮತ್ತೆ ಸಲಿಕೆ ಊರಿದ. ಪ್ರಸಾದನ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಮಿಠಾಯಿ ಡಬ್ಬಿ. ಡಬ್ಬಿಯೊಳಗೆ ಗೌಡತಿ.

ಗೌಡತಿ ಹೆಂಗಸಲ್ಲ, ಅಂಗೈಯಗಲದ ಒಂದು ಜೇಡ. ಕಾಲೇಜು ಹುಡುಗರು ಟರಾಂಟುಲಾ ಎನ್ನುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಜಗಳೂರು ಕಡೆಯ ಮೆಕ್ಕೆಜೋಳದ ಚೀಲದಲ್ಲಿ ನ್ಯಾಮತಿಯಲ್ಲಿ ಪ್ರಸಾದನ ಮನೆಗಂಟಿದ ಹಿಟ್ಟಿನ ಗಿರಣಿಗೆ ಬಂದಿಳಿದವಳು, ಮೀನು ಸಾಕುವ ಗಾಜಿನ ಪೆಟ್ಟಿಗೆಯೊಂದರಲ್ಲಿ ಒಕ್ಕಲಾಗಿಬಿಟ್ಟಿದ್ದಳು. ಬೀಸಿಸಲು ಬಂದವರು ಮೊದಲು ಅವಳನ್ನು ಮಾತಾಡಿಸಿ ಆಮೇಲೆ ಪಾಳಿಗೆ ನಿಲ್ಲುತ್ತಿದ್ದರು. ಇವತ್ತು ಬೆಳಿಗ್ಗೆ ನೋಡಿದರೆ ಅಲುಗಾಡುತ್ತಿಲ್ಲ. ಪ್ರಸಾದ ಆಟೋ ಹಿಡಿದು ದನದ ಆಸ್ಪತ್ರೆಗೆ ಒಯ್ದ. ಡಾಕ್ಟರು ಕನ್ನಡಕ ಏರಿಸಿ ಇಳಿಸಿ ನೋಡಿದರು.

“ಹಸ, ಕುರಿ ಆದ್ರೆ ಹೇಳ್ತಿದ್ದೆ ಯಜಮಾನ್ರೆ. ಇದಕ್ಕೆ ನಾಡಿ ಎಲ್ಲೈತೆ ಅನ್ನೋದೇ ನನಗೆ ಗೊತ್ತಿಲ್ಲ,” ಎಂದು ಕೈಮುಗಿದು ಕಳಿಸಿದರು. ಹೀಗಾಗಿ ಯಾಕೆ ಸತ್ತಳೆಂದು ಯಾರಿಗೂ ತಿಳಿಯಲಿಲ್ಲ.

ಪ್ರಸಾದನ ಹೆಂಡತಿ ಶಿವಲೀಲಾ ಹಿತ್ತಲ ಬಾಗಿಲಲ್ಲೇ ನಿಂತಿದ್ದಳು. ಹಿತ್ತಲಿಗೆ ಇಳಿದಿರಲಿಲ್ಲ. “ಈ ಮನ್ಯಾಗೆ ಅದಿರಬೇಕು, ಇಲ್ಲ ನಾನಿರಬೇಕು” ಎಂದು ಅವಳು ಎಷ್ಟು ಸಲ ಅಂದಿದ್ದಳೋ ಲೆಕ್ಕವಿಲ್ಲ. “ಒಂದಿನ ಬಿಸಿನೀರು ಹುಯ್ತೀನಿ ನೋಡ್ತಿರ್ರಿ” ಎಂದೂ ಇಡೀ ಬೀದಿಗೆ ಕೇಳುವಂತೆ ಕೂಗಿದ್ದಳು. ಈಗ ನಾನಲ್ಲ ಎನ್ನಲು ಯಾವ ಬಾಯಿ? ಗಂಡ ಬೆಳಗಿನಿಂದ ಅವಳ ಹತ್ತಿರ ತುಟಿ ಬಿಚ್ಚಿಲ್ಲ. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು. ನನ್ನ ಮೇಲೇ ಗುಮಾನಿ ಇಟ್ಟುಕೊಂಡಿದ್ದಾರೆ ಎಂದೇ ಅವಳು ಅಂದುಕೊಂಡಳು.

*

ಹೋದ ತಿಂಗಳು ಪ್ರಸಾದ ಗಿರಣಿಯ ಕಟ್ಟೆಯಿಂದ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದ. ದಾವಣಗೆರೆಯ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ. ಹೊನ್ನಾಳಿಯಿಂದ ಅಕ್ಕ ಅನ್ನಪೂರ್ಣಮ್ಮ ಬಂದು ಅವನ ಪಕ್ಕದಲ್ಲಿ ಕೂತಳು. ಗಿರಣಿ ಮುಚ್ಚಿದರೆ ಅರ್ಧ ಊರಿನ ರೊಟ್ಟಿ ನಿಲ್ಲುತ್ತದೆಂದು ಶಿವಲೀಲಾ ಇಲ್ಲೇ ಉಳಿದಳು.

ಸಂಜೆ ತಪ್ಪದೆ ಫೋನು. “ಲೀಲಾ, ಗೌಡ್ತಿಗೆ ಜಿರಲೆ ಹಾಕಿದ್ಯಾ?”

“ನಾನು ಉಂಡ್ನೋ ಇಲ್ವೋ ಕೇಳಂಗಿಲ್ಲ. ಅದ್ರ ಜಿರಲೆ ವಿಚಾರಿಸ್ತೀರಿ.”

ಮೊದಲ ದಿನ ಕಣ್ಣು ಮುಚ್ಚಿಕೊಂಡೇ ಇಕ್ಕಳದಲ್ಲಿ ಜಿರಲೆ ಹಿಡಿದು ಒಳಗೆ ಬಿಟ್ಟು ಓಡಿದಳು. ಮೂರನೆಯ ದಿನ ಒಂದು ಕಣ್ಣು ತೆರೆದಳು. ವಾರ ಕಳೆಯುವಷ್ಟರಲ್ಲಿ ಚಹಾದ ಲೋಟ ಹಿಡಿದು ಪೆಟ್ಟಿಗೆಯ ಮುಂದೆ ಸ್ಟೂಲು ಎಳೆದುಕೊಂಡು ಕೂರತೊಡಗಿದಳು. ಪಾಳಿ ತಪ್ಪಿಸಿ ನುಗ್ಗುವವರ ಕತೆ, ಕೈಕೊಡುವ ಕರೆಂಟಿನ ಕತೆ, ಯಾರಿಗೂ ಹೇಳದ ಮಂಡಿನೋವಿನ ಕತೆ ಎಲ್ಲ ಅಲ್ಲಿ ಹೊರಬಿದ್ದವು. ಪ್ರಸಾದನಾಗಿದ್ದರೆ ಪೇಪರು ಓದುತ್ತಾ ಹೂಂಗುಟ್ಟುತ್ತಿದ್ದ. ಇದಕ್ಕೆ ಪೇಪರಿನ ಚಟವಿರಲಿಲ್ಲ.

ಗಂಡ ಭಾನುವಾರ ಮನೆಗೆ ಬಂದ. ಅವಳು ಮತ್ತೆ ಮೂಗು ಮುರಿದಳು. ಹನ್ನೊಂದು ವರ್ಷ ಸಾಧಿಸಿದ ಹಗೆಯನ್ನು ಒಂದೇ ದಿನದಲ್ಲಿ ಬಿಟ್ಟುಕೊಡುವುದಕ್ಕೆ ಯಾವ ಹೆಂಗಸಿಗೂ ನಾಚಿಕೆಯೇ. ಆಮೇಲೆ ನಾಲ್ಕೇ ದಿನಕ್ಕೆ ಹೀಗಾಯಿತು.

*

ಗುಂಡಿ ಮುಗಿಯಿತು. ತಮ್ಮನ ಆರೈಕೆಗೆ ಇಲ್ಲೇ ಉಳಿದಿದ್ದ ಅನ್ನಪೂರ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಣುಕಿದಳು.

“ನಮ್ಮಲ್ಲಿ ಕೂರಿಸಿ ಮಣ್ಣು ಮಾಡ್ತಾರೆ. ಎಂಟು ಕಾಲಿಂದನ್ನ ಹೆಂಗೆ ಕೂರಿಸ್ತೀಯಪ್ಪ?”

ಮರುಳಪ್ಪ ಡಬ್ಬಿ ತೆರೆದು ನೋಡಿದ. ಎಂಟೂ ಕಾಲು ಮಡಚಿ ಹೊಟ್ಟೆಯಡಿಗೆ ಸೇರಿದ್ದವು. “ಯಾರೂ ಕೂರಿಸೋದು ಬ್ಯಾಡ ಅಕ್ಕಾರೆ. ತಾನೇ ಕೂತೈತೆ.”

ಎಲ್ಲರೂ ನಕ್ಕರು. ಪ್ರಸಾದನೂ ನಕ್ಕ. ಆ ನಗುವಿನಲ್ಲೇ ಅನ್ನಪೂರ್ಣಮ್ಮ ಬಾಗಿಲ ಕಡೆ ತಿರುಗಿದಳು.

“ನಿಜ ಹೇಳೇ ಲೀಲಾ, ಏನಾರ ಹುಯ್ದೆಯಾ? ನೀನು ಅಂದಿದ್ದು ಒಂದೆರಡು ಸಲನಾ?”

ನಗು ನಿಂತಿತು. “ಇಲ್ಲ ಅತ್ತಿಗೆ,” ಎಂದಳು ಶಿವಲೀಲಾ. ಆ ದನಿ ಎಷ್ಟು ಸಣ್ಣಗಿತ್ತೆಂದರೆ ಅವಳಿಗೇ ಅದು ಸುಳ್ಳಿನಂತೆ ಕೇಳಿಸಿತು.

“ಅವಳು ಏನೂ ಮಾಡಿಲ್ಲಕ್ಕ,” ಎಂದ ಪ್ರಸಾದ.

“ನೀನು ನೋಡಿದ್ಯಾ? ಇವತ್ತು ಬೆಳಗಿನ ತನಕ ಹಾಸಿಗ್ಯಾಗೆ ಬಿದ್ದಿದ್ದೆ.”

“ನೋಡಿಲ್ಲ, ಕೇಳಿದೀನಿ. ಆಸ್ಪತ್ರ್ಯಾಗಿದ್ದಾಗ ಒಂದಿನ ಇವಳು ಮಾತಾಡಿ ಫೋನ್ ಕಟ್ ಮಾಡೋದು ಮರ್ತಿದ್ಲು. ನೀನು ಇಡ್ಲಿ ತರಾಕೆ ಹೋಗಿದ್ದೆ. ಅರ್ಧ ಗಂಟೆ ಕಿವಿಯಿಂದ ತೆಗೀಲಿಲ್ಲ ನಾನು.”

ಶಿವಲೀಲಾಳ ಮುಖ ಬಿಸಿಯಾಯಿತು. “ಏನು ಕೇಳಿಸ್ತು?”

“‘ಅವ್ರು ಇಲ್ದೆ ಮನೆ ಬಿಕೋ ಅಂತೈತೆ ಕಣೇ ಗೌಡ್ತಿ. ಬಂದ್ಮೇಲೆ ಇದನ್ನೆಲ್ಲ ಅವ್ರಿಗೆ ಹೇಳಿಗೀಳೀಯ ಮತ್ತೆ’ ಅಂತಿದ್ದೆ.” ಪ್ರಸಾದ ಡಬ್ಬಿಯ ಕಡೆ ನೋಡಿದ. “ಪಾಪ, ಹೇಳ್ಲಿಲ್ಲ ಅದು.”

ಅನ್ನಪೂರ್ಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶಿವಲೀಲಾಳಿಗೆ ಮೂವತ್ತು ವರ್ಷದ ಸಂಸಾರದಲ್ಲಿ ಇಷ್ಟು ನಾಚಿಕೆಯೂ ಇಷ್ಟು ನೆಮ್ಮದಿಯೂ ಒಟ್ಟಿಗೆ ಆದದ್ದೇ ಇಲ್ಲ.

“ಮತ್ತೆ ಬೆಳಗಿಂದ ನನ್ ಹತ್ರ ಯಾಕೆ ಬಾಯಿ ಬಿಡ್ಲಿಲ್ಲ?”

“ಬಿಟ್ರೆ ಅಳು ಬರ್ತಿತ್ತು. ನೀನು ನಗ್ತೀಯ ಅಂತ.” ಅವನು ಮೂಗೊರೆಸಿಕೊಂಡ. “ಬಾ, ವಿಭೂತಿ ನೀನೇ ಹಚ್ಚು. ಕೊನೆಗೆ ಉಣ್ಣಾಕೆ ಇಟ್ಟೋಳು ನೀನು.”

ಅವಳು ಹಿತ್ತಲಿಗೆ ಇಳಿದಳು. ಹೆದರುತ್ತಾಳೆಂದು ಮರುಳಪ್ಪ ಒಂದು ಕಡ್ಡಿ ಮುರಿದು ಕೊಟ್ಟ. ಅವಳು ಅದನ್ನು ಪಕ್ಕಕ್ಕಿಟ್ಟು, ನೆನೆಸಿದ ವಿಭೂತಿಯಲ್ಲಿ ಮೂರು ಬೆರಳು ಅದ್ದಿದಳು. ಆ ಪುಟ್ಟ ಬೆನ್ನಿನಲ್ಲಿ ಮೂರಕ್ಕೆ ಜಾಗವಿರಲಿಲ್ಲ. ಎರಡನ್ನು ಮಡಚಿ ಒಂದೇ ಬೆರಳಿಟ್ಟಳು. ಅದರ ಮೈಕೂದಲು ಎಷ್ಟು ಮೆತ್ತಗಿದೆಯೆಂದು ಅವಳಿಗೆ ಗೊತ್ತಾದದ್ದು ಆಗಲೇ. ಒಂದು ಗೆರೆ ಎಳೆದಳು, ಎರಡು, ಮೂರು. ಬೆರಳು ಮಾತ್ರ ಅಲ್ಲೇ ಉಳಿಯಿತು. ಬೊಗಸೆ ತುಂಬ ಮಣ್ಣು ಹಿಡಿದು ಮರುಳಪ್ಪ ಕಾಯುತ್ತಾ ನಿಂತ.