ಖಾಲಿ ಮನೆಗಳ ಬಟ್ಟೆ

ಏಳನೇ ಮಹಡಿಯ ಬಾಲ್ಕನಿಯಲ್ಲಿ ಅವಳು ಮಗುವಿನ ಫ್ರಾಕನ್ನು ಹಿಂಡಿ, ಹಗ್ಗಕ್ಕೆ ಹಾಕಿ ಕ್ಲಿಪ್ಪು ಸಿಕ್ಕಿಸಿದಳು. ಆ ಮನೆಯಲ್ಲಿ ಮಗುವಿರಲಿಲ್ಲ, ತಾಯಿಯೂ ಇರಲಿಲ್ಲ. ಅರವತ್ತು ಮನೆಗಳ ಕಟ್ಟಡದಲ್ಲಿ ಸಂಸಾರ ಹೂಡಿದವರು ನಾಲ್ಕೇ ಜನ. ಮಿಕ್ಕ ಮನೆಗಳನ್ನು ಕೊಂಡ ಪುಣ್ಯಾತ್ಮರು ಬೀಗ ಜಡಿದು, ಬೆಲೆ ಏರಲೆಂದು ಬಾಯಿಬಿಟ್ಟುಕೊಂಡು ಕಾಯುತ್ತಿದ್ದರು.

"ಬಟ್ಟೆ ಹಸಿಯಾಗಿರ್ಬೇಕಮ್ಮಾ. ಒಣಗಿದ್ದು ನೇತಾಡ್ತಿದ್ರೆ ಜನ ನಂಬಲ್ಲ," ಎಂದಿದ್ದ ಮನೆ ಮಾರುವ ಕಂಪನಿಯ ಮ್ಯಾನೇಜರು, ಖಾಲಿ ಮನೆಗಳ ಬೀಗದಕೈ ಕೊಟ್ಟು ಕೆಲಸಕ್ಕೆ ಸೇರಿಸಿಕೊಂಡ ದಿನವೇ. ಅಂದಿನಿಂದ ಅವಳು ನೆಂಟರಿಷ್ಟರ ಹಳೆಬಟ್ಟೆ ಕೂಡಿಹಾಕಿ, ಕೆಳಗಿನಿಂದ ತಂದ ಬಕೆಟ್ಟು ನೀರಿನಲ್ಲಿ ಅದ್ದಿ, ಇಲ್ಲದ ಸಂಸಾರಗಳನ್ನು ಹಗ್ಗದ ಮೇಲೆ ಹೂಡುತ್ತಿದ್ದಳು. ಹೊಟ್ಟೆಪಾಡು ಎಂದುಕೊಂಡಿದ್ದಳು. ಮನೆ ನೋಡಲು ಬಂದವರು ಮೋಸಹೋಗುವಾಗ ನಕ್ಕದ್ದೂ ಉಂಟು.

ಇವತ್ತು ಲಿಫ್ಟಿನಿಂದ ಹೊರಬಂದವನು ಅವಳ ತಮ್ಮ.

"ಅಕ್ಕಾ, ಇದರ ಪಕ್ಕದ್ದೇ ನಂದು! ಕೆಳಗೆ ಕಾಗದ ರೆಡಿ ಇದೆ, ಸಹಿ ಹಾಕೋದೊಂದೇ ಬಾಕಿ. ಅಮ್ಮನ ಮನೆಗೂ ಗಿರಾಕಿ ಸಿಕ್ಕಿದಾನೆ."

"ಯಾರನ್ನ ಕೇಳಿ ಮಾರ್ತಿದ್ದೀಯೋ?"

"ಒಂದೇ ವರ್ಷಕ್ಕೆ ಇಲ್ಲಿ ರೇಟು ಒಂದೂವರೆಪಟ್ಟು ಆಗಿದೆ. ಈಗ ತಗೊಳ್ಳದಿದ್ರೆ ಜನ್ಮದಲ್ಲಿ ಆಗಲ್ಲ. ಏಳು ಮಹಡಿ ಬಟ್ಟೆ ಒಗೆದೂ ಒಗೆದೂ ಕೈ ಬಿದ್ದುಹೋಯ್ತು ಅಂತ ನೀನೇ ಹೇಳಿದ್ಯಲ್ಲ? ಅಷ್ಟೊಂದು ಜನ ಇದಾರೆ ಅಂತಾನೇ ನಾನು ಬಂದಿದ್ದು."

ಹೌದು, ಜಂಬಕ್ಕೆ ಹೇಳಿದ್ದಳು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮ್ಯಾನೇಜರನ ಮೇಲೆ, ಬೀಗ ಜಡಿದವರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಹಾಳು ನಾಲಿಗೆಯ ಮೇಲೆ. ತಮ್ಮನ ರಟ್ಟೆ ಹಿಡಿದು ಒಳಗೆಳೆದು ಅಡುಗೆಮನೆಯ ನಲ್ಲಿ ತಿರುಗಿಸಿದಳು. ಬುಸ್ಸೆಂದು ಗಾಳಿ ಬಂತು. ಆಮೇಲೆ ಅವನನ್ನು ಬಾಲ್ಕನಿಗೆ ಎಳೆತಂದು, ಹಗ್ಗದಿಂದ ಒಂದು ನೀಲಿ ಅಂಗಿ ಕಿತ್ತು ಅವನ ಮುಖಕ್ಕೆ ಹಿಡಿದಳು.

"ಯಾರದ್ದಿದು, ಹೇಳು!"

ಮೂರನೇ ಗುಂಡಿ ಕಪ್ಪು ದಾರದಲ್ಲಿ ಹೊಲಿದದ್ದು. ಹೊಲಿದವಳು ಅವಳೇ, ಅಂಗಿ ಅವನದೇ. ಎರಡು ವರ್ಷದ ಹಿಂದೆ ಹಳತಾಯಿತೆಂದು ಕೊಟ್ಟಿದ್ದ.

"ಎಲ್ಲಾ ನಾನೇ ನೇತುಹಾಕೋದು ಕಣೋ. ಯಾರೂ ಇಲ್ಲ ಇಲ್ಲಿ. ಬರೀ ಗಾಳಿ!"

ಅವನು ಗುಂಡಿಯನ್ನು ಮುಟ್ಟಿ ನೋಡಿದ. ಮುಖ ಬಿಳಿಚಿಕೊಂಡಿತು. ಸದ್ಯ, ಅಮ್ಮನ ಮನೆ ಉಳಿಯಿತು ಎಂದು ಅವಳು ಉಸಿರುಬಿಟ್ಟಳು. ಅವನು ಕಟಕಟೆಯ ಬಳಿ ಹೋಗಿ ಅಕ್ಕಪಕ್ಕದ ಬಾಲ್ಕನಿಗಳನ್ನೆಲ್ಲ ನೋಡಿ ಬಂದ.

"ಅಕ್ಕಾ, ಇನ್ನೊಂದು ವರ್ಷ ಬಾಯಿ ಮುಚ್ಕೊಂಡಿರು. ನಾನು ಪಕ್ಕದ್ದನ್ನ ತಗೊಂಡು, ಮಾರಿ ಕೈತೊಳ್ಕೊಳ್ಳೋವರೆಗೆ."

"ತಗೊಳ್ಳೋನು ಯಾವನೋ?"

"ನನ್ನಂಥೋನೇ ಇನ್ನೊಬ್ಬ."

"ಅಲ್ಲಿವರೆಗೆ ಅಮ್ಮ ಬೀದೀಲಿರ್ಬೇಕಾ?"

"ನಿನ್ನ ಹತ್ರ ಇರ್ತಾಳೆ."

"ಥೂ, ನಿನ್ನ ಜನ್ಮಕ್ಕಿಷ್ಟು!" ಅವಳು ಫ್ರಾಕು, ಲುಂಗಿ, ಟವೆಲು ಎಲ್ಲವನ್ನೂ ಕಿತ್ತು ಬಕೆಟ್ಟಿಗೆ ಎಸೆದಳು.

ಅವನು ಆ ನೀಲಿ ಅಂಗಿಯನ್ನು ಬಕೆಟ್ಟಿನ ನೀರಿನಲ್ಲಿ ಇನ್ನೊಮ್ಮೆ ಅದ್ದಿ, ಹಿಂಡಿ, ಕೊಡವಿ, ತಾನೇ ಹಗ್ಗಕ್ಕೆ ಹಾಕಿದ. ಕಾಲರು ನೆಟ್ಟಗೆ ಮಾಡಿದ.

ಕೆಳಗೆ ಗೇಟಿನ ಬಳಿ ಯಾರೋ ಗಂಡ ಹೆಂಡತಿ ಕತ್ತೆತ್ತಿ ನಿಂತಿದ್ದರು. ಹೆಂಡತಿ ಬೆರಳು ತೋರಿಸಿ ಗಂಡನಿಗೆ ಏನೋ ಹೇಳಿದಳು. ಅಂಗಿಯ ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು.