ದರೆಯ ಕಡೆ

ಲಕ್ಕಯ್ಯನ ಕಾಲು ನೆಲದ ಮೇಲಿದ್ದಷ್ಟು ದಿನ ಅವನ ತಲೆಯೂ ನೆಟ್ಟಗೇ ಇತ್ತು. ಸೈಕಲ್ ಬಂದ ಮೇಲೆ ನೋಡಿ, ಎಲ್ಲ ಕಲಸುಮೇಲೋಗರವಾಯಿತು.

ಕಳಸದ ಅಂಚೆ ಕಚೇರಿಯಿಂದ ಮಲ್ಲಿಕಾರ್ಜುನಪ್ಪನವರ ಕಾಫಿ ಎಸ್ಟೇಟಿಗೆ ಟಪಾಲು ತರುವುದು ಅವನ ಕೆಲಸ. ಚೀಲವನ್ನು ಹೆಗಲಿಗೆ ಹಾಕಿಕೊಂಡು, ಎಲೆಅಡಿಕೆ ಜಗಿಯುತ್ತ ಬೆಳಿಗ್ಗೆ ಇಳಿದು ಹೋಗುವುದು, ದಾರಿಯಲ್ಲಿ ಸಿಕ್ಕವರೊಡನೆಲ್ಲ ಮಾತಾಡುತ್ತ ಹತ್ತಿ ಬರುವುದು. ಯಾರ ಮನೆ ಎಮ್ಮೆ ಕರು ಹಾಕಿತು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು ಎನ್ನುವುದೆಲ್ಲ ಕಾಗದಗಳ ಜೊತೆಗೇ ಎಸ್ಟೇಟು ತಲುಪುತ್ತಿತ್ತು. ಕಾಗದ ತಡವಾಯಿತೆಂದು ಸಾಹುಕಾರರು ಗೊಣಗುವರು. ಲಕ್ಕಯ್ಯ ಕೈಮುಗಿದು ನಗುವನು. ಅಲ್ಲಿಗೆ ಮುಗಿಯಿತು.

ಆ ರಸ್ತೆಗೆ ಒಂದು ಕಟ್ಟಳೆ ಇತ್ತು. ಒಂದು ಬದಿಗೆ ದರೆ, ಅಂದರೆ ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಗೋಡೆ. ಇನ್ನೊಂದು ಬದಿಗೆ ಕಣಿವೆ. ಎದುರುಬದುರಾದಾಗ ತಲೆಹೊರೆ ಇದ್ದವರಿಗೆ ದರೆಯ ಕಡೆ ಬಿಡಬೇಕು, ಬರಿಗೈಯವರು ಕಣಿವೆಯ ಕಡೆ ಸರಿಯಬೇಕು. ಭಾರ ಹೊತ್ತವರು ಎಡವಿದರೆ ದರೆಗೆ ಒರಗಿಕೊಳ್ಳಬಹುದು. ಕಣಿವೆಗೆ ಒರಗಲಾಗುತ್ತದೆಯೇ? ಎದುರಿಗೆ ಬಂದವನು ಊರಗೌಡನೇ ಆಗಿರಲಿ, ಹೊರೆ ಕಂಡರೆ ಆಚೆ ಸರಿಯುತ್ತಿದ್ದ. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ.

ಹೊರೆಯವರಲ್ಲೆಲ್ಲ ಲಕ್ಕಯ್ಯನಿಗೆ ಬಹಳ ಬೇಕಾದವಳು ಕುಂಬಾರರ ದ್ಯಾವಮ್ಮ. ಸಂತೆಯ ದಿನ ಮಂಕರಿ ತುಂಬ ಮಡಕೆ ಕುಡಿಕೆ ಹೊತ್ತು ಕಳಸಕ್ಕೆ ಇಳಿಯುವಳು. ಹಳ್ಳದ ಹತ್ತಿರದ ಹೊರೆಗಲ್ಲಿನ ಮೇಲೆ ಮಂಕರಿ ಇಳಿಸಿ ದಣಿವಾರಿಸಿಕೊಳ್ಳುವಳು. ಮತ್ತೆ ತಲೆಗೆ ಎತ್ತಿಕೊಡಲು ಒಬ್ಬರು ಬೇಕಲ್ಲ, ಲಕ್ಕಯ್ಯ ಬರುವ ತನಕ ಕಾಯುವಳು.

"ಮೆಲ್ಲಗೆ ಎತ್ತು ಮಾರಾಯ, ನನ್ನ ಕುತ್ತಿಗೆ ನಿನ್ನ ಟಪಾಲು ಚೀಲ ಅಲ್ಲ" ಎನ್ನುವಳು.

"ನಿನ್ನ ಬಾಯಿಗೆ ಹೋಲಿಸಿದ್ರೆ ಮಡಕೆಯೇ ಹಗುರ ದ್ಯಾವಕ್ಕ" ಎನ್ನುವನು ಇವನು. ಇಬ್ಬರೂ ನಕ್ಕು ಅವರವರ ದಾರಿ ಹಿಡಿಯುವರು.

ಹೀಗಿರುವಾಗ ಸಾಹುಕಾರರು ಚಿಕ್ಕಮಗಳೂರಿನಿಂದ ಸೈಕಲ್ ತರಿಸಿಬಿಟ್ಟರು. "ಇನ್ಮೇಲೆ ಕಾಗದ ಊಟಕ್ಕೆ ಮುಂಚೆ ಬರಬೇಕು ಲಕ್ಕಯ್ಯ. ಒಂದು ಮಾತು ನೆನಪಿಟ್ಕೋ. ಇದು ವಾಹನ. ವಾಹನ ಯಾವಾಗಲೂ ಎಡಗಡೆ" ಎಂದರು.

ಪಾಪ, ಕಾಫಿ ಒಣಹಾಕುವ ಕಣದಲ್ಲಿ ಬಿದ್ದೆದ್ದು, ಮೊಣಕಾಲ ಚರ್ಮವನ್ನೆಲ್ಲ ಅಲ್ಲೇ ಬಿಟ್ಟು ಕಲಿತ. ಏರಿನಲ್ಲಿ ತಳ್ಳುವುದು, ಇಳಿಜಾರಿನಲ್ಲಿ ಹತ್ತಿ ಕೂರುವುದು. ಆದರೂ ರಸ್ತೆಗೆ ಇಳಿದ ಮೇಲೆ ಒಂದು ಸಂಶಯ ಕಾಡತೊಡಗಿತು. ತಾನೀಗ ನಡೆಯುವವರ ಪೈಕಿಯೋ, ಮೋಟಾರಿನ ಪೈಕಿಯೋ? ಹೆಗಲ ಮೇಲೆ ಚೀಲವಿದೆ, ಅದು ಹೊರೆ ಹೌದೋ ಅಲ್ಲವೋ? ಅಥವಾ ಸೈಕಲ್ಲಿಗೆ ತಾನೇ ಹೊರೆಯೋ? ಕೇಳೋಣವೆಂದರೆ ಆ ಸೀಮೆಯಲ್ಲಿ ಇನ್ನೊಬ್ಬ ಸೈಕಲ್ಲಿನವನಿರಲಿಲ್ಲ.

ಸಂತೆಯ ದಿನವೇ ಆಗಬೇಕೇ! ಕಳಸದಿಂದ ಟಪಾಲು ಹಿಡಿದು ಬರುತ್ತಿದ್ದ ಲಕ್ಕಯ್ಯ ಹಳ್ಳಕ್ಕೆ ಇಳಿಯುವ ಇಳಿಜಾರಿನಲ್ಲಿ ಸೈಕಲ್ ಹತ್ತಿದ್ದ. ತಿರುವು ದಾಟಿದರೆ ಎದುರಿಗೇ ದ್ಯಾವಮ್ಮ, ತಲೆಯ ಮೇಲೆ ಮಂಕರಿ, ಪದ್ಧತಿಯಂತೆ ದರೆಗೆ ಅಂಟಿಕೊಂಡು ಹಳ್ಳದಿಂದ ಹತ್ತಿ ಬರುತ್ತಿದ್ದಾಳೆ. ಅವಳ ಹಿಂದೆ ಸಾಹುಕಾರರ ಮೋಟಾರು, ರಸ್ತೆಯ ನಟ್ಟನಡುವೆ, ಹಾರನ್ ಹೊಡೆಯುತ್ತ. ಲಕ್ಕಯ್ಯನ ಕೈ ಹಳೆಯ ರೂಢಿಯಂತೆ ಬಲಕ್ಕೆ, ಕಣಿವೆಯ ಕಡೆಗೆ ತಿರುಗಿತು. ಅಷ್ಟರಲ್ಲಿ ಎಡಗಡೆ ಎಂಬ ಮಾತು ನೆನಪಾಯಿತು. ಅವನ ಎಡಗಡೆ ಎಂದರೆ ದರೆ. ದರೆ ಎಂದರೆ ದ್ಯಾವಮ್ಮ. ಅಯ್ಯೋ ಶಿವನೇ ಎನ್ನುವಷ್ಟರಲ್ಲಿ ಸೈಕಲ್ಲಿನ ಹಿಡಿ ಎಡಕ್ಕೆ ಹೊರಳಿ ಹೋಗಿ ಅವಳಿಗೆ ಬಡಿದಿತ್ತು.

ಮಂಕರಿ ನೆಲಕ್ಕೆ, ಮಡಕೆಗಳು ಚೂರು. ದ್ಯಾವಮ್ಮ ದರೆಗೆ ಬೆನ್ನು ಕೊಟ್ಟು ಜಾರಿ ಕುಳಿತಳು. ಮೊಣಕೈ ತರಚಿ ರಕ್ತ ಬರುತ್ತಿತ್ತು.

"ನಾನು ಕಂಡಿಲ್ವಾ ಮಾರಾಯ?" ಎಂದಳು. ಬೈಯಲಿಲ್ಲ. ನಿಜವಾಗಿ ಅರ್ಥವಾಗದೆ ಕೇಳಿದಳು.

"ಕಂಡಿದ್ದೆ ದ್ಯಾವಕ್ಕ" ಎಂದ ಲಕ್ಕಯ್ಯ. ಕಂಡೂ ಯಾಕೆ ಹೀಗಾಯಿತೆಂದು ಅವನಿಗೂ ತಿಳಿಯಲಿಲ್ಲ.

ಡ್ರೈವರ್ ಹಸನ್ ಮೋಟಾರು ನಿಲ್ಲಿಸಿ ಓಡಿ ಬಂದು ದ್ಯಾವಮ್ಮನನ್ನು ಎಬ್ಬಿಸಿದ. ಸಾಹುಕಾರರು ಒಳಗಿನಿಂದಲೇ ಹೇಳಿದರು: "ನಾಳೆ ಬೆಳಿಗ್ಗೆ ಎಲ್ಲ ಬಂಗಲೆ ಹತ್ರ ಬನ್ನಿ. ತಪ್ಪು ಸೈಕಲಿನದಾದ್ರೆ ಸೈಕಲ್ ವಾಪಸ್ ಕಳಿಸ್ತೀನಿ. ನಡೆಯೋರದ್ದಾದ್ರೆ, ಈ ರಸ್ತೇಲಿ ದರೆ ಕಡೆ ನಡೆಯೋದು ಬಂದ್. ಹೊರೆ ಇರಲಿ, ಇಲ್ದೇ ಇರಲಿ."

ಅಂದು ಸಂಜೆ ಲಕ್ಕಯ್ಯನಿಗೆ ಗಂಜಿಯೂ ಇಳಿಯಲಿಲ್ಲ. ಹೆಂಡತಿ ಭಾಗಮ್ಮ ಕೇಳುವಷ್ಟು ಕೇಳಿ, "ಇದಕ್ಕೆ ಯಾಕೆ ಇಷ್ಟು ಒದ್ದಾಟ? ನಂದೇ ತಪ್ಪು ಅಂದುಬಿಡಿ. ಸೈಕಲ್ ಹೋದ್ರೆ ಪೀಡೆ ಹೋಯ್ತು, ಕಾಲಿಲ್ವಾ ನಿಮಗೆ?" ಎಂದಳು.

"ತಪ್ಪಾಗಿದ್ರೆ ಹೇಳ್ತಿದ್ದೆ ಕಣೇ. ತಪ್ಪೋ ಅಲ್ಲವೋ ಅಂತಲೇ ಗೊತ್ತಾಗ್ತಿಲ್ಲವಲ್ಲ! ಕಣಿವೆ ಕಡೆ ಹೋಗಿದ್ರೆ ಮೋಟಾರಿನ ಅಡಿಗೆ ಹೋಗ್ತಿದ್ನೋ, ದಾಟ್ತಿದ್ನೋ, ಆ ದೇವರಿಗೇ ಗೊತ್ತು."

"ದ್ಯಾವಕ್ಕ ಎಲ್ಲಿದ್ಳು?"

"ದರೆ ಕಡೆ."

"ಇನ್ನೆಲ್ಲಿರಬೇಕಿತ್ತು ಅವಳು?"

"ಅಲ್ಲೇ" ಎಂದ ಲಕ್ಕಯ್ಯ. ಸರಿ, ನಡೆದದ್ದನ್ನು ನಡೆದಂತೆ ಪೂರ್ತಿ ಹೇಳಿಬಿಡುವುದು, ಪೂರ್ತಿ ಕೇಳಿದ ಮೇಲೆ ದ್ಯಾವಕ್ಕನ ತಪ್ಪು ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡ.

ಬೆಳಿಗ್ಗೆ ಬಂಗಲೆಯ ಮೆಟ್ಟಿಲ ಕೆಳಗೆ ಮೂವರೂ ನಿಂತರು. ದ್ಯಾವಮ್ಮನ ಮೊಣಕೈಗೆ ಅರಿಸಿನದ ಬಟ್ಟೆ. ಕಾಯುವಾಗ ಲಕ್ಕಯ್ಯ ಮೆಲ್ಲಗೆ ಕೇಳಿದ, "ಹಸನ್ ಸಾಬ್ರೇ, ಮೋಟಾರು ನಡೂಮಧ್ಯ ಇತ್ತಲ್ಲ, ಅದು ಎಡವಾ ಬಲವಾ?"

"ಕಣಿವೆ ಅಂಚಿಗೆ ಹೋದ್ರೆ ಸಾಹುಕಾರ್ರಿಗೆ ಎದೆ ಹೊಡ್ಕೊಳ್ತದೆ. ನಡುವೆ ಓಡ್ಸು ಅಂತ ಅವರದ್ದೇ ಹುಕುಂ. ಅದನ್ನೆಲ್ಲ ಇಲ್ಲಿ ಎತ್ತಬೇಡ ಮಾರಾಯ, ಮಕ್ಕಳೊಂದಿಗ ನಾನು" ಎಂದು ಹಸನ್ ಪಿಸುಗುಟ್ಟಿದ. ಲಕ್ಕಯ್ಯನಿಗೆ ಇದ್ದ ಗೊಂದಲ ಸಾಲದೆಂದು ಇದೂ ಒಂದು ಸೇರಿತು.

ಸಾಹುಕಾರರು ಹೊರಗೆ ಬಂದವರು ಕೂರಲೂ ಇಲ್ಲ. "ಲಕ್ಕಯ್ಯ, ನೀನು ಎಡಗಡೆ ಇದ್ದೆಯೋ, ಇಲ್ವೋ?"

"ಮೊದಲು ಬಲಕ್ಕೆ ಹೋದೆ ಸ್ವಾಮಿ, ಆಮೇಲೆ..."

"ಬಡಿದಾಗ ಎಲ್ಲಿದ್ದೆ? ಅಷ್ಟು ಹೇಳು."

"ಎಡಗಡೆ ಇದ್ದೆ. ಆದ್ರೆ ದ್ಯಾವಕ್ಕ ಮೊದಲೇ ಅಲ್ಲಿ..."

"ಸಾಕು. ಅವನು ಎಡಗಡೆ ಇದ್ದ. ವಾಹನದ ಜಾಗದಲ್ಲಿ ನೀನು ನಡೀತಿದ್ದೆ ದ್ಯಾವಮ್ಮ. ಒಡೆದ ಮಡಕೆಗೆ ದುಡ್ಡು ಕೊಡಿಸ್ತೀನಿ, ಅದಕ್ಕೆ ಯೋಚನೆ ಬೇಡ. ಇನ್ಮೇಲೆ ಸೈಕಲೋ ಮೋಟಾರೋ ಬಂದ್ರೆ ನಡೆಯೋರು ಕಣಿವೆ ಕಡೆ ಸರಿದು ನಿಲ್ಲಬೇಕು. ಎಲ್ಲರಿಗೂ ಹೇಳಿಬಿಡಿ."

"ಮಡಕೆ ನಾನೇ ಮಾಡ್ಕೊಳ್ತೀನಿ ಅಯ್ಯ. ದಾರಿ ಮಾಡ್ಕೊಳ್ಳಕ್ಕೆ ನನಗೆ ಬರಲ್ಲ" ಎಂದಳು ದ್ಯಾವಮ್ಮ. ಸಾಹುಕಾರರು ಆಗಲೇ ಒಳಗೆ ಹೋಗಿದ್ದರು. ಅವಳು ಲಕ್ಕಯ್ಯನ ಕಡೆ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಲಕ್ಕಯ್ಯ ಮೆಟ್ಟಿಲ ಹತ್ತಿರವೇ ನಿಂತಿದ್ದ. ತಾನು ಸುಳ್ಳು ಹೇಳಿದನೇ? ಇಲ್ಲ. ಯಾರ ಮೇಲಾದರೂ ತಪ್ಪು ಹೊರಿಸಿದನೇ? ಅದೂ ಇಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟ, ಅಷ್ಟೇ. ಅಷ್ಟರಲ್ಲಿ ಒಂದು ಊರಿನವರು ನಡೆಯುವ ದಾರಿಯೇ ಹೇಗೆ ಆಚೆ ಬದಿಗೆ ಹೋಯಿತು? ಎಲ್ಲಿ ಕೈತಪ್ಪಿತು ಎಂದು ಹುಡುಕಿ ಹುಡುಕಿ ಸೋತ. ಸೈಕಲ್ ಮಾತ್ರ ಅವನ ಪಾಲಿಗೇ ಉಳಿಯಿತು.

ಮುಂದಿನ ಸಂತೆಯ ದಿನ ಅವನು ಸೈಕಲ್ ಹತ್ತಲೇ ಇಲ್ಲ. ಇಳಿಜಾರಿನಲ್ಲೂ ತಳ್ಳಿಕೊಂಡೇ ಬಂದ. ದ್ಯಾವಕ್ಕ ಸಿಕ್ಕರೆ ಹೊರೆಗಲ್ಲಿನ ಹತ್ತಿರ ಕೂತು ಎಲ್ಲ ಬಿಡಿಸಿ ಹೇಳಬೇಕು, ಬೈದರೆ ಬೈಸಿಕೊಳ್ಳಬೇಕು ಎಂದುಕೊಂಡಿದ್ದ. ತಿರುವಿನಾಚೆ ಅವಳ ಮಂಕರಿ ಕಾಣಿಸಿದ ಕೂಡಲೇ ಸೈಕಲ್ಲನ್ನು ಕಣಿವೆಯ ಅಂಚಿಗೆ ಒತ್ತರಿಸಿ, ದರೆಯ ಕಡೆಯನ್ನು ಪೂರ್ತಿ ಅವಳಿಗೆ ಬಿಟ್ಟು ನಿಂತುಕೊಂಡ.

ದ್ಯಾವಮ್ಮ ಸೈಕಲ್ ಕಂಡಳು. ದರೆ ಬಿಟ್ಟು, ರಸ್ತೆ ದಾಟಿ, ಅವನಿಗಿಂತ ನಾಲ್ಕು ಮಾರು ಆಚೆ ಕಣಿವೆಯ ಅಂಚಿನಲ್ಲಿ ನಿಂತಳು. ಹಿಮ್ಮಡಿಯ ಕೆಳಗಿಂದ ಒಂದಿಷ್ಟು ಸಡಿಲ ಮಣ್ಣು ಜಾರಿ ಕೆಳಗೆ ಬಿತ್ತು. ಅವಳು ಎರಡೂ ಕೈ ಎತ್ತಿ ಮಂಕರಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಲ್ಲಿ ಬೇಡ ದ್ಯಾವಕ್ಕ! ದರೆ ಕಡೆ ಹೋಗು, ದರೆ ಕಡೆ. ನಾನು ನಡ್ಕೊಂಡೇ ಬರ್ತಿದೀನಿ ನೋಡು. ನಾನು ಕಣೇ, ಲಕ್ಕಯ್ಯ!"

"ಗೊತ್ತು" ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಮೋಟಾರು ಬಂದಾಗ ಜನ ನಿಲ್ಲುವ ಹಾಗೆ ನೆಲ ನೋಡುತ್ತ ನಿಂತಿದ್ದಳು. "ನೀವು ಹೋಗಿ."

ಅವಳ ಬಾಯಿಂದ ಲಕ್ಕಯ್ಯ ಎಂದೂ 'ನೀವು' ಎನ್ನಿಸಿಕೊಂಡವನಲ್ಲ. ಇನ್ನಷ್ಟು ಮಣ್ಣು ಜಾರಿತು. ಅವನು ದಾಟಿಹೋಗುವ ತನಕ ಅವಳು ಆ ಅಂಚು ಬಿಟ್ಟು ಈಚೆ ಬರುವುದಿಲ್ಲವೆಂದು ಅವನಿಗೆ ಗೊತ್ತಾಯಿತು. ಆ ಹೊತ್ತಿಗೆ ಅವನಿಗೆ ಗೊತ್ತಾದದ್ದು ಅದೊಂದೇ. ಸೈಕಲ್ಲನ್ನು ದರೆಯ ಕಡೆಗೆ ತಿರುಗಿಸಿ, ತಲೆ ತಗ್ಗಿಸಿಕೊಂಡು ಬೇಗ ಬೇಗ ದಾಟಿದ.